ಕಟ್ಟಿದವರಾರು?

‘ಕಟ್ಟು’ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ‘ಕಟ್ಟಿಸು’ ಎಂಬ ಪ್ರೇರಣಾರ್ಥಕ ರೂಪವಾಗುವುದೆಂದು ಮಕ್ಕಳಿಗೆ ತಿಳಿಸಿ ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಕಟ್ಟಿದವನೊಬ್ಬ, ಕಟ್ಟಿಸಿದವನೊಬ್ಬ. ಆದರೆ ಕಟ್ಟಡಕ್ಕಾಗಿ ನಾವು ಯಾರಿಗೆ ಋಣಿಗಳು ಎಂಬ ಪ್ರಶ್ನೆ ವ್ಯಾಕರಣದ್ದಲ್ಲ, ಧರ್ಮದ್ದು.

ಚೆನ್ನೈ ನಗರದ ಅಣ್ಣಾ ಸಾಲೈಯಲ್ಲಿ, ಅಂದರೆ ಹಿಂದಿನ ಮೌಂಟ್ ರೋಡಿನಲ್ಲಿ, 177 ಅಡಿ ಎತ್ತರಕ್ಕೆ ನಿಂತಿರುವ ಎಲ್.ಐ.ಸಿ. ಕಟ್ಟಡವನ್ನೇ ನೋಡೋಣ. ಅದನ್ನು ಸಂಕಲ್ಪಿಸಿದವರು ಎಂ.ಸಿಟಿ.ಎಂ. ಚಿದಂಬರಂ ಚೆಟ್ಟಿಯಾರರು, 1937ರಲ್ಲಿ ಇಂಡಿಯನ್ ಓವರ್ಸೀಸ್ ಬ್ಯಾಂಕನ್ನು ಸ್ಥಾಪಿಸಿದವರು, ಯುನೈಟೆಡ್ ಇಂಡಿಯಾ ಜೀವವಿಮಾ ಕಂಪೆನಿಯನ್ನು ನಡೆಸುತ್ತಿದ್ದವರು. ನಕ್ಷೆ ಲಂಡನ್ನಿನ ಬ್ರೌನ್ ಮತ್ತು ಮೌಲಿನ್ ಎಂಬುವರದು. ಗಾರೆ ಇಟ್ಟಿಗೆಯ ಗೋಡೆಗಳ ಮೇಲೆಯೇ ಭಾರ ಹೊರಿಸುವ ರೂಢಿಯಿದ್ದ ಊರಿನಲ್ಲಿ ಕಾಂಕ್ರೀಟಿನ ಕಂಬಗಳನ್ನು ನಂಬಿ ಅಂತಸ್ತಿನ ಮೇಲೆ ಅಂತಸ್ತು ಏರಿಸುವುದು ಆ ಕಾಲಕ್ಕೆ ಸಾಹಸವೇ ಸರಿ. 1954ರ ಮಾರ್ಚ್ ತಿಂಗಳಲ್ಲಿ ಸಿಂಗಪುರದ ವಿಮಾನ ಅಪಘಾತದಲ್ಲಿ ಚೆಟ್ಟಿಯಾರರು ತೀರಿಕೊಂಡರು. 1956ರಲ್ಲಿ ಜೀವವಿಮೆಯ ರಾಷ್ಟ್ರೀಕರಣವಾಗಿ, ಕಟ್ಟಡ ಮುಗಿಯುವ ಮೊದಲೇ ನಿಗಮದ ಪಾಲಾಯಿತು. ಲಂಡನ್ನಿನವರು ನಡುವೆ ಬಿಟ್ಟ ಕೆಲಸವನ್ನು ಮದರಾಸಿನ ವಾಸ್ತುಶಿಲ್ಪಿ ಎಲ್.ಎಂ. ಚಿತಳೆಯವರು ಪೂರೈಸಿದರು. 1959ರಲ್ಲಿ ಪ್ರಾರಂಭೋತ್ಸವ ನಡೆದಾಗ ಸಂಕಲ್ಪಿಸಿದವರೂ ಇಲ್ಲ, ಅವರ ಕಂಪೆನಿಯೂ ಇಲ್ಲ.

ಇದು ಅನ್ಯಾಯವೆ? ನನಗೆ ಹಾಗೆ ತೋರುವುದಿಲ್ಲ. ವಿಮಾ ಕಂಪೆನಿಯ ಹಣವೆಂಬುದು ಬಹುಮಟ್ಟಿಗೆ ಗುಮಾಸ್ತನೂ ಉಪಾಧ್ಯಾಯನೂ ಸಂಬಳದಲ್ಲಿ ಉಳಿಸಿ ಕಟ್ಟಿದ ಕಂತು. ಕನ್ನಡದಲ್ಲಿ ಕಂತನ್ನೂ ‘ಕಟ್ಟು’ತ್ತೇವಷ್ಟೆ! ಅವರ ಹಣದಿಂದೆದ್ದ ಗೋಪುರ ಸಾರ್ವಜನಿಕವಾಯಿತೆಂದರೆ ಯಾರದನ್ನೋ ಕಸಿದಂತಾಗದು. ಆದರೆ ಒಡೆತನ ಬೇರೆ, ಋಣ ಬೇರೆ. ಒಡೆತನವು ಕಾಯಿದೆಯಿಂದ ಕೈ ಬದಲಾಯಿಸಬಲ್ಲುದು. ಮೊದಲು ಹೆಜ್ಜೆಯಿಟ್ಟವನಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಯಾವ ಕಾಯಿದೆಯೂ ವಜಾ ಮಾಡಲಾರದು. ಅವರು ವ್ಯಾಪಾರದ ಕೀರ್ತಿಗಾಗಿ ಕಟ್ಟಿಸಹೊರಟರೆಂದು ಆಕ್ಷೇಪಿಸಬಹುದು. ಪುಣ್ಯದ ಆಸೆಯಿಂದ ಕೆರೆ ಕಟ್ಟಿಸಿದವನ ನೀರನ್ನು ನಮ್ಮ ಹೊಲಗಳು ಕುಡಿದಿಲ್ಲವೆ?

ಇನ್ನು ‘ಕಟ್ಟು’ ಎಂಬ ಕ್ರಿಯೆಯ ನಿಜವಾದ ಕರ್ತೃಗಳು. ಕಟ್ಟಡದ ಕಥೆ ಹೇಳುವವರೆಲ್ಲ ಚೆಟ್ಟಿಯಾರರನ್ನೂ ಬ್ರೌನರನ್ನೂ ಚಿತಳೆಯವರನ್ನೂ ಹೆಸರಿಸುತ್ತಾರೆ. ಕಾಂಕ್ರೀಟು ಹೊತ್ತವರು ‘ಕೂಲಿಯಾಳುಗಳು’ ಎಂಬ ಒಂದೇ ಮಾತಿನಲ್ಲಿ ಅಡಗಿಹೋಗಿದ್ದಾರೆ. ಕೂಲಿ ಸಂದಿತು, ಅಲ್ಲಿಗೆ ಋಣ ತೀರಿತೆನ್ನುವವರುಂಟು. ರಾಷ್ಟ್ರೀಕರಣದ ಕಾಲದಲ್ಲಿ ಕಂಪೆನಿಗಳ ಷೇರುದಾರರಿಗೂ ಪರಿಹಾರಧನ ಸಂದಿತ್ತಲ್ಲವೆ ಎಂದು ಅವರನ್ನು ಕೇಳಬೇಕಾಗುತ್ತದೆ.