ಚಾರ್ಜರ್ ಮತ್ತು ಆಪ್ತವಾಕ್ಯ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು, ‘ಒರಿಜಿನಲ್ ಕೊಡ್ಲಾ ಸಾರ್, ಕಂಪ್ಯಾಟಿಬಲ್ ಸಾಕಾ?’ ಎರಡರ ಬೆಲೆಗೂ ಅಜಗಜಾಂತರ. ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಈಗ ಮೈಸೂರಿನ ಮನೆಯಲ್ಲಿ ಕೂತು ಹಳೆಯ ಟೀಕೆಗಳನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಕಣ್ಣಿಗೆ ಕಾಣದ ವಿಷಯದಲ್ಲಿ ಯಾರ ಮಾತನ್ನು, ಯಾಕೆ ನಂಬಬೇಕು? ನಾನು ಜೀವಮಾನವಿಡೀ ಪಾಠ ಮಾಡಿದ್ದು ಇದನ್ನೇ. ಅಂಗಡಿಯವರು ಕೇಳುವುದೂ ಅದನ್ನೇ.

ಹಾಗೆಂದು ಎಲ್ಲ ಸಾಮಾನಿಗೂ ಶಬ್ದಪ್ರಮಾಣ, ಅಂದರೆ ನಂಬತಕ್ಕವರ ಮಾತಿನ ಆಧಾರ, ಬೇಕಿಲ್ಲ. ಕೀಬೋರ್ಡು ಹೇಗಿದೆಯೆಂದು ಬೆರಳಿಗೇ ತಿಳಿಯುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನ ಸ್ವಿಚ್ಚಿಗೆ ಜರ್ಮನಿಯ ಚೆರ್ರಿ ಕಂಪನಿ ಹೆಸರುವಾಸಿ. ಅದೇ ಬಗೆಯ ಸ್ವಿಚ್ಚನ್ನು ಚೀನಾದ ಗೇಟ್‌ರಾನ್ ಮೊದಲಾದ ಕಂಪನಿಗಳೂ ಮಾಡಿ ಕಡಿಮೆಗೆ ಮಾರುತ್ತವೆ. ಒತ್ತಕ್ಷರ ಕಿಕ್ಕಿರಿದ ತರ್ಕದ ವಾಕ್ಯಗಳನ್ನು ನಾನು ದಿನವೂ ಟೈಪ್ ಮಾಡುವುದು ಆ ಅಗ್ಗದ ಬಗೆಯ ಕೀಬೋರ್ಡಿನಲ್ಲೇ, ಯಾವ ತೊಂದರೆಯೂ ಇಲ್ಲ. ಮಾನಿಟರಿಗೆ ಹೋಗುವ ಎಚ್‌ಡಿಎಂಐ ಕೇಬಲ್ಲೂ ಅಷ್ಟೆ. ಅದರಲ್ಲಿ ಹರಿಯುವುದು ಡಿಜಿಟಲ್ ಸಂಕೇತ. ಒಂದೆರಡು ಮೀಟರ್ ಉದ್ದದ ಕೇಬಲ್ ಕೆಟ್ಟದ್ದಾದರೆ ಪರದೆಯ ಮೇಲೆ ಚುಕ್ಕಿ ಮಿನುಗುತ್ತದೆ, ಇಲ್ಲವೇ ಚಿತ್ರವೇ ಹೋಗುತ್ತದೆ. ಸರಿಯಿದ್ದರೆ ಚಿತ್ರ ಬರುತ್ತದೆ. ಚಿನ್ನದ ಲೇಪಕ್ಕೆ ಹೆಚ್ಚು ದುಡ್ಡು ಕೊಟ್ಟರೆ ಬಣ್ಣ ಗಾಢವಾಗುವುದಿಲ್ಲ. ಪ್ರತ್ಯಕ್ಷವೇ ತೀರ್ಪು ಕೊಡುವಲ್ಲಿ ಹೆಸರಿಗೆ ಹಣ ಸುರಿಯುವುದು ದಂಡ. 2021ರಲ್ಲಿ ಆ್ಯಪಲ್ ಕಂಪನಿ ಪರದೆ ಒರೆಸುವ ಬಟ್ಟೆಯನ್ನು ನಮ್ಮ ದೇಶದಲ್ಲಿ 1,900 ರೂಪಾಯಿಗೆ ಮಾರಾಟಕ್ಕಿಟ್ಟಿತು. ಕೊಂಡವರನ್ನು ಹಳಿಯಲಾರೆ. ಆದರೆ ಅದು ಪ್ರಮಾಣದ ವಿಷಯವಲ್ಲ, ಬರೀ ಆಸೆಯ ವಿಷಯ.

ಚಾರ್ಜರಿನ ಮಾತು ಬೇರೆ. ಅದರ ಮುಚ್ಚಿದ ಡಬ್ಬಿಯೊಳಗೆ ಮನೆಯ 230 ವೋಲ್ಟೂ ಲ್ಯಾಪ್‌ಟಾಪಿಗೆ ಹೋಗುವ ಸಣ್ಣ ವೋಲ್ಟೂ ಕೆಲವೇ ಮಿಲಿಮೀಟರ್ ದೂರದಲ್ಲಿರುತ್ತವೆ. ನಡುವಿನ ಇನ್ಸುಲೇಷನ್ ಭದ್ರವಾಗಿದೆಯೋ ಇಲ್ಲವೋ ಕೊಳ್ಳುವವನಿಗೆ ಕಾಣದು. ಬಳಸಿ ನೋಡೋಣವೆಂದರೆ ಪರೀಕ್ಷೆಯೇ ಅಪಘಾತವಾದೀತು. ಟೈಪ್-ಸಿ ಕೇಬಲ್ಲಿನಲ್ಲೂ ಇದೇ ಕಷ್ಟ. 5 ಆಂಪಿಯರ್ ಹೊರುವ ಕೇಬಲ್ಲಿನಲ್ಲಿ, ತಾನು ಎಷ್ಟು ಹೊರಬಲ್ಲೆನೆಂದು ಚಾರ್ಜರಿಗೆ ತಿಳಿಸುವ ಚಿಪ್ ಇರಲೇಬೇಕು. ಹೊರಗಿನಿಂದ ನೋಡಿದರೆ ಚಿಪ್ ಇರುವುದೂ ಇಲ್ಲದ್ದೂ ಒಂದೇ ತರಹ. ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯುಂಗ್ 2015ರಲ್ಲಿ ಇಂಥ ಕೇಬಲ್‌ಗಳನ್ನು ತಾವೇ ಕೊಂಡು, ಅಳೆದು, ಕಂಡದ್ದನ್ನು ಎಲ್ಲರಿಗೂ ತಿಳಿಯುವಂತೆ ಬರೆಯತೊಡಗಿದರು. 2016ರಲ್ಲಿ ಒಂದು ಅಗ್ಗದ ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಒಳಗಿನ ತಂತಿಗಳನ್ನು ಅದಲುಬದಲಾಗಿ ಬೆಸೆದಿದ್ದರು.

ಇಂಥಲ್ಲಿ ಆಪ್ತನ, ಅಂದರೆ ನಂಬತಕ್ಕವನ, ಮಾತು ಬೇಕೇ ಬೇಕು. ಬ್ರ್ಯಾಂಡು ಆ ಆಪ್ತನೇ? ನನ್ನ ಶಿಷ್ಯನೊಬ್ಬ, ವೇದವಾಕ್ಯಗಳನ್ನು ವಿಚಾರಿಸುವ ಮೀಮಾಂಸಕರ ಪಕ್ಷ ಹಿಡಿದು ವಾದಿಸಿದ: ‘ಗುರುಗಳೇ, ಜ್ಞಾನಕ್ಕೆ ಪ್ರಾಮಾಣ್ಯ ಸ್ವತಃ ಬರುತ್ತದೆ, ಬಾಧಕ ಕಾಣುವವರೆಗೆ ನಂಬಬೇಕು. ದೊಡ್ಡ ಕಂಪನಿಯ ಮಾತನ್ನೂ ಹಾಗೆಯೇ ನಂಬಬಾರದೇಕೆ?’ ಚೆನ್ನಾಗಿ ಓದಿದ ಹುಡುಗ, ಪ್ರಶ್ನೆಯೂ ಗಟ್ಟಿಯಾದದ್ದು. ಆದರೆ ಮಾತಿನ ದೋಷವೆಲ್ಲ ಆಡುವವನಿಂದ ಬರುತ್ತದೆ ಎಂದವರೂ ಮೀಮಾಂಸಕರೇ, ಕುಮಾರಿಲ ಭಟ್ಟರು. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ಅಲ್ಲಿ ದೋಷಕ್ಕೆ ಎಡೆಯಿಲ್ಲ ಎಂಬುದು ಅವರ ನಿಲುವು. ಜಾಹೀರಾತಿಗೆ ಕರ್ತೃ ಇದ್ದಾನೆ, ಅವನಿಗೆ ಲಾಭ ಬೇಕಾಗಿದೆ. ಭ್ರಮೆ, ಪ್ರಮಾದ, ವಿಪ್ರಲಿಪ್ಸೆ (ಮೋಸ ಮಾಡುವ ಇಚ್ಛೆ) ಎಂದು ಹಿರಿಯರು ಎಣಿಸಿದ ಪುರುಷದೋಷಗಳಲ್ಲಿ ಯಾವುದಾದರೂ ಅಲ್ಲಿ ನುಸುಳಬಹುದು. ಮ್ಯಾಕ್‌ಬುಕ್ ಜೊತೆ ಕೊಟ್ಟಿದ್ದ ಕೆಲವು ಟೈಪ್-ಸಿ ಕೇಬಲ್‌ಗಳ ವಿನ್ಯಾಸದಲ್ಲಿ ತಪ್ಪಿದೆಯೆಂದು ಆ್ಯಪಲ್ 2016ರಲ್ಲಿ ಒಪ್ಪಿಕೊಂಡು ಬದಲಿಸಿಕೊಟ್ಟಿತು. ಒಪ್ಪಿಕೊಂಡದ್ದು ಮೆಚ್ಚತಕ್ಕದ್ದೇ, ಹೆಸರಿದ್ದ ಮಾತ್ರಕ್ಕೆ ದೋಷ ತಪ್ಪಲಿಲ್ಲ ಎಂಬುದೂ ನಿಜವೇ. ಇನ್ನು ಸ್ಟಿಕ್ಕರನ್ನೇ ನಕಲು ಮಾಡಿ ಅಂಟಿಸಿದ ಮಾಲಿನಲ್ಲಿ ಹೆಸರೇ ಸುಳ್ಳು.

ವಾತ್ಸ್ಯಾಯನರು ನ್ಯಾಯಭಾಷ್ಯದಲ್ಲಿ ಆಪ್ತನ ಲಕ್ಷಣ ಹೇಳಿದ್ದಾರೆ. ಅವನು ವಿಷಯವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಅರಿತಂತೆಯೇ ತಿಳಿಸುವ ಇಚ್ಛೆ ಅವನಿಗಿರಬೇಕು. ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಲಕ್ಷಣ ಒಂದೇ ಎಂದೂ ಸೇರಿಸುತ್ತಾರೆ. ಇದನ್ನು ಪಾಠ ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಕುಲ ನೋಡಿ ನಂಬು ಎಂದು ಆ ಶಾಸ್ತ್ರಕಾರ ಹೇಳಲಿಲ್ಲ. ಕಂಡಿದ್ದಾನೆಯೇ, ಕಂಡದ್ದನ್ನು ಮುಚ್ಚಿಡದೆ ಹೇಳುತ್ತಾನೆಯೇ, ಅಷ್ಟು ನೋಡು ಎಂದ. ಬ್ರ್ಯಾಂಡೆಂಬುದು ಕುಲದ ಹೆಸರು. ಹೆಸರಾಂತ ಲ್ಯಾಪ್‌ಟಾಪ್ ಕಂಪನಿಗಳ ಎಷ್ಟೋ ಅಡಾಪ್ಟರುಗಳನ್ನು ತಯಾರಿಸುವುದು ತೈವಾನಿನ ಡೆಲ್ಟಾ, ಲೈಟ್-ಆನ್‌ನಂಥ ಕಂಪನಿಗಳು. ಮೇಲೆ ಕಾಣುವ ಹೆಸರು ಮಾಡಿದವನದ್ದಲ್ಲ. ಹಾಗಾಗಿ ವಾತ್ಸ್ಯಾಯನರ ಲಕ್ಷಣಕ್ಕೆ ಹೆಸರಿಗಿಂತ ಹತ್ತಿರ ನಿಲ್ಲುವುದು ಪರೀಕ್ಷೆ ಮಾಡಿದ ಪ್ರಯೋಗಾಲಯದ ಮಾತು, ಲ್ಯುಂಗ್ ಅವರಂತೆ ಅಳೆದು ನೋಡಿದವರ ಮಾತು. ಪರೀಕ್ಷೆಯಲ್ಲಿ ಗೆದ್ದ ಅಗ್ಗದ ಚಾರ್ಜರ್ ದುಬಾರಿಯದಕ್ಕೆ ಸಮ. ಪರೀಕ್ಷೆಯೇ ಆಗದ ಅಗ್ಗದ್ದನ್ನು ಮಾತ್ರ ನಾನು ಮನೆಯೊಳಗೆ ತರುವುದಿಲ್ಲ.

ಪರೀಕ್ಷೆ ಆಗಿದೆಯೋ ಎಂದು ತಿಳಿಯಲು ದಾರಿಯಿದೆ. ನಮ್ಮಲ್ಲಿ ಲ್ಯಾಪ್‌ಟಾಪ್ ಅಡಾಪ್ಟರಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ. ಅಡಾಪ್ಟರಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಅಚ್ಚಾಗಿರಬೇಕು. ದುಡ್ಡು ಕೊಡುವ ಮೊದಲು ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಸಂಖ್ಯೆ ಇಲ್ಲದಿದ್ದರೆ, ಅಥವಾ ಅಲ್ಲಿ ಬರುವ ವಿವರ ಕೈಯಲ್ಲಿರುವ ಮಾಲಿಗೆ ಹೊಂದದಿದ್ದರೆ, ಎಷ್ಟೇ ದೊಡ್ಡ ಹೆಸರಿನದಾದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.