ಮೇಜಿನ ಮೇಲಿಟ್ಟ ನಾಣ್ಯ

ಸಂಶೋಧನೆಯ ಕೆಲಸಕ್ಕೆಂದು ಊರೂರು ಅಲೆಯುವ ನಾನು ಬಸ್‌ಸ್ಟ್ಯಾಂಡಿನ ಶೌಚಾಲಯಗಳಿಗಾಗಿ ಕೆಲವು ನಿಯಮ ಮಾಡಿಕೊಂಡಿದ್ದೆ. ಪ್ರಯಾಣದ ದಿನ ಬೆಳಗಿನಿಂದಲೇ ನೀರು ಕುಡಿಯಬಾರದು. ಹೋಗಲೇಬೇಕಾದರೆ ಮೂಗಿಗೆ ದುಪಟ್ಟಾ ಸುತ್ತಿಕೊಳ್ಳಬೇಕು, ಬಾಗಿಲನ್ನು ಮೊಣಕೈಯಿಂದ ತಳ್ಳಬೇಕು. ಹೊರಗೆ ಬಂದಮೇಲೆ ಐದು ರೂಪಾಯಿಯ ನಾಣ್ಯವನ್ನು ಅಲ್ಲಿ ಕೂತ ಹೆಂಗಸಿನ ಕೈಗೆ ಕೊಡದೆ ಮೇಜಿನ ಮೇಲಿಡಬೇಕು. ಈ ಕೊನೆಯದನ್ನು ಯಾವಾಗ ಕಲಿತೆನೋ ನೆನಪಿಲ್ಲ. ಎಲ್ಲವನ್ನೂ ಸೇರಿಸಿ ಸ್ವಚ್ಛತೆ ಎಂದು ಕರೆದುಕೊಂಡಿದ್ದೆ.

ಕಳೆದ ವರ್ಷ ಮೂತ್ರದ ಸೋಂಕಾಯಿತು. ‘ಬಸ್‌ಸ್ಟ್ಯಾಂಡಿನಲ್ಲೇ ತಗುಲಿರಬೇಕು’ ಎಂದೆ ಡಾಕ್ಟರ ಹತ್ತಿರ. ‘ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮಾ? ಎಷ್ಟು ಹೊತ್ತು ತಡ್ಕೋತೀಯ?’ ಎಂದು ಅವರು ಕೇಳಿದರು. ಈ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ನಮ್ಮದೇ ಕರುಳಿನಿಂದ ಬಂದದ್ದು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂತರೆ ಅದಕ್ಕೆ ಬೆಳೆಯಲು ಪುರುಸೊತ್ತು ಸಿಗುತ್ತದೆ. ಯಾರದೋ ಕೊಳೆಗೆ ಹೆದರಿ ನಾನು ಸಾಕಿಕೊಂಡದ್ದು ನನ್ನದನ್ನೇ.

ಹಾಗೆಂದು ಸಾರ್ವಜನಿಕ ಶೌಚಾಲಯದಲ್ಲಿ ಅಪಾಯವೇ ಇಲ್ಲವೆಂದಲ್ಲ. ವಾಂತಿ, ಭೇದಿ ತರುವ ನೊರೊವೈರಸ್ ಚಿಲಕ, ನಲ್ಲಿಗಳ ಮೇಲೆ ದಿನಗಟ್ಟಲೆ ಉಳಿಯಬಲ್ಲದು. ಆದರೆ ಅದು ನಮ್ಮೊಳಗೆ ಹೋಗುವುದು ಕೈಯಿಂದ ಬಾಯಿಗೆ. ಗಾಯವಿಲ್ಲದ ಚರ್ಮ ಒಳ್ಳೆಯ ಗೋಡೆ. ಲೈಂಗಿಕ ರೋಗಗಳು ಕಮೋಡಿನ ಸೀಟಿನಿಂದ ಅಂಟುತ್ತವೆಂಬ ಭಯಕ್ಕೆ ಬಹುಮಟ್ಟಿಗೆ ಆಧಾರವಿಲ್ಲ. ಸೋಪು ಹಚ್ಚಿ ಕೈ ತೊಳೆದರೆ ಅಪಾಯದ ದೊಡ್ಡ ಪಾಲು ಕಳೆಯಿತು. ನನ್ನ ನಿಯಮಗಳಲ್ಲಿ ಇಲ್ಲದ್ದು ಅದೊಂದೇ. ಅಲ್ಲಿ ಸೋಪು ಇರುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಬಂದು ಬಸ್ಸಿನಲ್ಲಿ ಕೂತು ಅದೇ ಕೈಯಲ್ಲಿ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದೆ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮೆಲ್‌ವೈಸ್ ಎಂಬ ವೈದ್ಯ, ಶವ ಕೊಯ್ದು ಬಂದ ವೈದ್ಯರ ಕೈಗಳೇ ಬಾಣಂತಿಯರ ಸಾವಿಗೆ ಕಾರಣವೆಂದು ಕಂಡುಕೊಂಡ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದಾಗ ಸಾವು ಇಳಿಯಿತು. ಆದರೂ ಹಲವರು ಒಪ್ಪಲಿಲ್ಲ. ತಮ್ಮ ಕೈಯೇ ಕೊಳೆಯಾಗಿರಬಹುದೆಂದು ನಂಬುವುದು ಮರ್ಯಾದಸ್ಥರಿಗೆ ಯಾವತ್ತೂ ಕಷ್ಟ.

ನಮ್ಮಲ್ಲಿ ಆ ಕಷ್ಟಕ್ಕೆ ಮೈಲಿಗೆಯೂ ಸೇರಿಕೊಂಡಿದೆ. ರೋಗಾಣು ಜಾತಿ ಕೇಳುವುದಿಲ್ಲ. ಮೈಲಿಗೆ ಮೊದಲು ಕೇಳುವುದೇ ಅದನ್ನು. ರೋಗಾಣು ಸೋಪಿಗೆ ಹೋಗುತ್ತದೆ, ಮೈಲಿಗೆ ಹೋಗುವುದಿಲ್ಲ. ನನ್ನ ಭಯ ಇವೆರಡರಲ್ಲಿ ಯಾವುದೆಂದು ತಿಳಿಯಲು ಆ ನಾಣ್ಯ ಸಾಕು. ಸೋಪು ಮುಟ್ಟದೆ ಶೌಚಾಲಯದಿಂದ ಆಗಷ್ಟೇ ಬಂದವಳು ನಾನು. ಹಿಂಜರಿಯುವುದಿದ್ದರೆ ಆಕೆ ಹಿಂಜರಿಯಬೇಕಿತ್ತು. ನಿಜವಾದ ಅಪಾಯವೂ ಆಕೆಯದೇ. ಕೈಗವಸಿಲ್ಲದೆ ಉಜ್ಜುವವಳು ಆಕೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ದರೆ ಏಳುವ ವಿಷದ ಗಾಳಿ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮೊದಲು ಹೋಗುವುದು ಆಕೆಯ ಎದೆಗೆ. ನಾನೋ ಐದು ನಿಮಿಷಕ್ಕೆ ಮೂಗು ಮುಚ್ಚಿಕೊಂಡವಳು.

ಈಗ ನೀರು ಕುಡಿದೇ ಹೊರಡುತ್ತೇನೆ. ಚೀಲದಲ್ಲಿ ಒಂದು ತುಂಡು ಸೋಪು ಇರುತ್ತದೆ. ಮೊನ್ನೆ ಕೈ ತೊಳೆದು ಬಂದು ನಾಣ್ಯವನ್ನು ಆಕೆಯ ಕೈಗೇ ಕೊಡಹೋದೆ. ತಲೆಯೆತ್ತದೆ ಮೇಜನ್ನು ತೋರಿಸಿ, ‘ಅಲ್ಲೇ ಇಡಿ ಮೇಡಂ’ ಎಂದಳು. ಎಷ್ಟು ಜನ ಸೇರಿ ಕಲಿಸಿದ ಪಾಠವೋ ಅದು. ಆ ಗುಂಪಿನಲ್ಲಿ ನಾನೂ ಇದ್ದೆ.