ನೆನಪಳಿದ ಮೇಲೆ ಉಳಿಯುವವನು ಯಾರು?

2003ನೆಯ ಇಸವಿ ನವೆಂಬರ್ 22ರಂದು ಸಿಡ್ನಿಯಲ್ಲಿ ನಡೆದ ರಗ್ಬಿ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡ್ ತಂಡವು ಆಸ್ಟ್ರೇಲಿಯಾವನ್ನು 20-17 ಅಂಕಗಳಿಂದ ಸೋಲಿಸಿತು. ವಿಜಯೀ ತಂಡದಲ್ಲಿ ಸ್ಟೀವ್ ಥಾಂಪ್ಸನ್ ಎಂಬ ಆಟಗಾರರಿದ್ದರು. 2020ರ ಡಿಸೆಂಬರಿನಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ತಮಗೆ ಅಕಾಲದಲ್ಲಿಯೇ ಮರೆವಿನ ರೋಗ ತಗುಲಿದೆಯೆಂದೂ, ಆ ಕಪ್ಪನ್ನು ಗೆದ್ದ ನೆನಪೇ ತಮಗಿಲ್ಲವೆಂದೂ ಅವರು ಲೋಕಕ್ಕೆ ತಿಳಿಸಿದರು. ಹಾಗಾದರೆ ಅಂದು ಗೆದ್ದವರಾರು? ಇಂದು ಮರೆತು ಕುಳಿತಿರುವವರಾರು?

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಕಪಾಲದೊಳಗೆ ಮೆದುಳು ಅಲುಗುತ್ತದೆ. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ರಕ್ತ ಸುರಿಯಬೇಕೆಂದಿಲ್ಲ, ಸಾಮಾನ್ಯ ಸ್ಕ್ಯಾನಿನಲ್ಲಿಯೂ ಹೆಚ್ಚಾಗಿ ಏನೂ ಕಾಣದು. ಬಹುಪಾಲು ಜನರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಮರೆವು, ಸಿಡುಕು, ಖಿನ್ನತೆಗಳು ಉಳಿದುಬಿಡುತ್ತವೆ. ಕಾಲು ಮುರಿದವನು ‘ನನ್ನ ಕಾಲು ಮುರಿಯಿತು’ ಎನ್ನುತ್ತಾನೆ. ಮೆದುಳಿಗೆ ಪೆಟ್ಟಾದವನಿಗೋ ‘ನಾನು ನಾನಾಗಿ ಉಳಿದಿಲ್ಲ’ ಎಂದು ತೋರುತ್ತದೆ. ವರ್ಷಗಟ್ಟಲೆ ಪೆಟ್ಟು ತಿಂದವರ ಗತಿ ಇನ್ನೂ ಕಠಿಣ. ಅಮೆರಿಕದ ಫುಟ್‌ಬಾಲಿನಲ್ಲಿ ನಾಲ್ಕು ಬಾರಿ ಸೂಪರ್ ಬೌಲ್ ಗೆದ್ದ ಮೈಕ್ ವೆಬ್‌ಸ್ಟರ್ ಅವರು ಕೊನೆಗಾಲದಲ್ಲಿ ತಮ್ಮ ವಾಹನದಲ್ಲಿಯೇ ಮಲಗುತ್ತಿದ್ದುದುಂಟು. 2002ರಲ್ಲಿ, 50ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಬಳಿಕ, ಡಾ. ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿ, ಅದು ಕಾಲಕ್ರಮದಲ್ಲಿ ಹಾಳಾಗಿದ್ದುದನ್ನು ಕಂಡು 2005ರಲ್ಲಿ ಪ್ರಕಟಿಸಿದರು.

ಸ್ಮೃತಿಯೇ ‘ನಾನು’ ಎನ್ನುವುದಾದರೆ, ಸ್ಮೃತಿ ಅಳಿದೊಡನೆ ಮನುಷ್ಯನೂ ಅಳಿದನೆನ್ನಬೇಕಾಗುತ್ತದೆ. ಜೈನದರ್ಶನವು ಇದನ್ನೊಪ್ಪದು. ಸ್ಮೃತಿಯು ಮತಿಜ್ಞಾನದ ಒಂದು ಪರ್ಯಾಯ. ಇಂದ್ರಿಯ ಮನಸ್ಸುಗಳನ್ನು ಆಶ್ರಯಿಸಿ ನಡೆಯುವಂಥದು. ಪರ್ಯಾಯದೃಷ್ಟಿಯಿಂದ ಅವರು ಬೇರೆಯಾಗಿದ್ದಾರೆ, ದ್ರವ್ಯದೃಷ್ಟಿಯಿಂದ ಅದೇ ಜೀವ. ಎರಡೂ ಸತ್ಯ. ವ್ಯಾಪಾರಿಯಾದ ನನಗೆ ಇದು ಹೀಗೆ ತಿಳಿಯುತ್ತದೆ: ಖಾತೆಪುಸ್ತಕ ಸುಟ್ಟುಹೋದರೆ ಲೆಕ್ಕ ತೋರಿಸಲಾಗದು, ನಿಜ, ಆದರೆ ಅದರಿಂದ ಋಣ ತೀರಿಹೋಗುವುದಿಲ್ಲ.

ಆದರೆ ಇಲ್ಲಿ ಎಚ್ಚರ ಬೇಕು. ಬಳಲುತ್ತಿರುವವನ ಮುಂದೆ ನಿಂತು ‘ಆತ್ಮಕ್ಕೇನೂ ಆಗಿಲ್ಲವಷ್ಟೆ’ ಎಂದು ಉಪದೇಶಿಸುವುದು ಧರ್ಮವಲ್ಲ, ನಿಷ್ಕರುಣೆ. ನಿಶ್ಚಯನಯವು ನಮ್ಮ ಮಮಕಾರವನ್ನು ಕಳೆಯಲೆಂದು ಇರುವುದೇ ಹೊರತು, ಪರರ ನೋವನ್ನು ಅಲ್ಲಗಳೆಯಲೆಂದಲ್ಲ. ಬಲಮದ, ಶರೀರಮದಗಳನ್ನು ಎಂಟು ಮದಗಳಲ್ಲಿ ಎಣಿಸಿದ ಆಚಾರ್ಯರು ಬಲವುಳ್ಳವನನ್ನು ಎಚ್ಚರಿಸಿದರು. ಬಲ ಕಳೆದುಕೊಂಡವನನ್ನು ಹಂಗಿಸಲು ಯಾರಿಗೂ ಅನುಮತಿಯಿತ್ತಿಲ್ಲ.

ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಪೆಟ್ಟು ಕೊಟ್ಟವನು ಆಟದ ನಿಯಮದೊಳಗೇ ಇದ್ದಿರಬಹುದು. ತಲೆ ತಿರುಗುತ್ತಿದ್ದವನನ್ನು ಮತ್ತೆ ಮೈದಾನಕ್ಕೆ ಕಳಿಸಿದ ತರಬೇತಿದಾರನು? ಅದನ್ನು ಶೌರ್ಯವೆಂದು ಚಪ್ಪಾಳೆ ತಟ್ಟಿದ ಪ್ರೇಕ್ಷಕನು? ದೂರದರ್ಶನದ ಮುಂದೆ ಕುಳಿತು ಬಾಕ್ಸಿಂಗ್ ನೋಡಿ ಹಿಗ್ಗಿದವರಲ್ಲಿ ನಾನೂ ಒಬ್ಬನೆಂಬುದನ್ನು ಮರೆಮಾಚಲಾರೆ. ನನ್ನ ಕೈ ಯಾರನ್ನೂ ಹೊಡೆಯಲಿಲ್ಲ. ಮನಸ್ಸು ಹೊಡೆತವನ್ನು ಬಯಸಿತು.

ಆಟವನ್ನೇ ತೊರೆಯಬೇಕೆಂದು ನಾನು ಹೇಳುತ್ತಿಲ್ಲ, ಪ್ರಮಾದವನ್ನು ತೊರೆಯಬೇಕು. ನಮ್ಮ ಮಗನೋ ಮೊಮ್ಮಗನೋ ಕಬಡ್ಡಿಯಲ್ಲಿ ತಲೆಗೆ ಪೆಟ್ಟು ತಿಂದರೆ ಆ ದಿನ ಅವನನ್ನು ಮತ್ತೆ ಆಟಕ್ಕಿಳಿಸದೆ ವೈದ್ಯರಿಗೆ ತೋರಿಸುವುದೂ ಅಣುವ್ರತದ ಪಾಲನೆಯೇ. ಮರೆತವರು ತಮ್ಮ ಗೆಲುವನ್ನು ಮರೆಯಲಿ. ಆ ಗೆಲುವಿನಿಂದ ಸಂತೋಷಪಟ್ಟ ನಾವು ಅವರನ್ನು ಮರೆಯಬಾರದು.